ಬಿದಿರಿನ ಮೇಲೆ ಸರಿಯುವ ಚೇಳು

ಓದುಗರೊಬ್ಬರ ಪತ್ರದ ಸಾರ: ಸುಮಾತ್ರಾದ ಬತಾಕ್ ಜನರ ‘ಪೊರ್ಹಲಾನ್’ ಪಂಚಾಂಗವನ್ನು ನಿಮ್ಮ ಲೇಖನ ಖಗೋಳಜ್ಞಾನವೆಂದು ಹೊಗಳಿದ್ದು ಅತಿಯಾಯಿತು. ಶಕೆಯನ್ನೇ ಎಣಿಸದೆ ಒಳ್ಳೆಯ ದಿನ, ಕೆಟ್ಟ ದಿನ ಹೇಳುವ ಬಿದಿರಿನ ಕೊಳವೆ ಮೂಢನಂಬಿಕೆಯಷ್ಟೆ. ದಿನಗಳ ಹೆಸರುಗಳೂ ನಮ್ಮಿಂದ ಪಡೆದವೇ ಅಲ್ಲವೆ?

ಸಂಪಾದಕರ ಉತ್ತರ: ತಮ್ಮಷ್ಟು ಗಮನವಿಟ್ಟು ಓದುವವರು ಪತ್ರಿಕೆಗೆ ಸಿಗುವುದು ಅಪರೂಪ, ಆ ಸಲುಗೆಯಿಂದಲೇ ತಮ್ಮೊಡನೆ ವಾದಕ್ಕಿಳಿಯುತ್ತಿದ್ದೇನೆ. ಪೊರ್ಹಲಾನ್ ಶಕೆಯನ್ನು ಎಣಿಸುವುದಿಲ್ಲ, ‘ದಾತು’ ಎಂಬ ಪುರೋಹಿತ-ವೈದ್ಯರು ಅದನ್ನು ಮುಹೂರ್ತಕ್ಕೇ ಹೆಚ್ಚಾಗಿ ಬಳಸುತ್ತಿದ್ದರು ಎಂಬುದು ನಿಜ. ಅದರಾಚೆಗಿನ ತಮ್ಮ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ತೊಬಾ ಸರೋವರದ ಸುತ್ತಲಿನ ದಾತುಗಳು 12 ಅಥವಾ 13 ತಿಂಗಳುಗಳಿಗೆ ತಲಾ 30 ಮನೆಗಳನ್ನು ಬಿದಿರಿನ ಮೇಲೆ ಕೊರೆಯುತ್ತಿದ್ದರು. ಪ್ರತಿ ತಿಂಗಳ ಕೆಲವು ಮನೆಗಳ ಮೇಲೆ ಚೇಳಿನ ಚಿತ್ರವಿರುತ್ತದೆ. ಅವು ವರ್ಜ್ಯ ದಿನಗಳು. ತಾವು ಇಲ್ಲಿಗೇ ನಿಂತುಬಿಟ್ಟಿರಿ. ಆ ಚೇಳು ಪ್ರತಿ ತಿಂಗಳೂ ಅದೇ ಮನೆಗಳಲ್ಲಿ ಏಕಿಲ್ಲವೆಂದು ಕೇಳಬೇಕಿತ್ತು. ಚಂದ್ರ ಒಂದು ನಕ್ಷತ್ರದ ಬಳಿಗೆ ಮರಳಲು ಸುಮಾರು 27.3 ದಿನ ಹಿಡಿದರೆ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ ಹಿಡಿಯುತ್ತದೆ. ಹಾಗಾಗಿ ಚಂದ್ರ ವೃಶ್ಚಿಕವನ್ನು ಹಾಯುವ ದಿನ ತಿಂಗಳಿಂದ ತಿಂಗಳಿಗೆ ಎರಡು ದಿನದಷ್ಟು ಹಿಂದಕ್ಕೆ ಸರಿಯುತ್ತದೆ, ಬಿದಿರಿನ ಚೇಳೂ ಸಾಲಿನಿಂದ ಸಾಲಿಗೆ ಓರೆಯಾಗಿ ಹಾಗೆಯೇ ಸರಿಯುತ್ತದೆ. ತಲೆಮಾರುಗಟ್ಟಲೆ ಆಕಾಶವನ್ನು ನೋಡದವರು ಈ ಓರೆಯನ್ನು ಕೊರೆದಿರಲು ಸಾಧ್ಯವೆ? ಸಮಭಾಜಕದ ಸಮೀಪದ ಆ ನಾಡಿನಲ್ಲಿ ಬೇಸಿಗೆ ಚಳಿಗಾಲಗಳ ಅಂತರ ತೀರ ಕಡಿಮೆ. ವರ್ಷ ತಿರುಗಿತೆಂದು ತಿಳಿಯಲು ಅವರು ಪಶ್ಚಿಮದಲ್ಲಿ ಮುಳುಗುವ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜವನ್ನೂ ಪೂರ್ವದಲ್ಲಿ ಮೂಡುವ ವೃಶ್ಚಿಕವನ್ನೂ ನೋಡುತ್ತಿದ್ದರು. ವಾರಭವಿಷ್ಯದಲ್ಲಿ ತಪ್ಪದೆ ವೃಶ್ಚಿಕ ರಾಶಿಯನ್ನು ಹುಡುಕುವ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಆಕಾಶದಲ್ಲಿ ಗುರುತಿಸಬಲ್ಲರು?

ಇನ್ನು, ಪಡೆದ ಹೆಸರುಗಳ ಮಾತು. ಸುಮಾ, ಅಂಗಾರಾ, ಬೊರಾಸ್ಪತಿ ಮೊದಲಾದವು ಭಾರತದಿಂದಲೇ ಹೋದವು. ಸುಮಾತ್ರಾದ ಪಶ್ಚಿಮ ಕರಾವಳಿಯ ಹಳೆಯ ಬಂದರು ಬಾರುಸ್ ಬಳಿಯ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನವು ಐನೂರ್ವರ ವರ್ತಕ ಸಂಘವನ್ನು ಹೆಸರಿಸುತ್ತದೆ. ಆ ಸಂಘದ ಬೇರು ನಮ್ಮ ಐಹೊಳೆಯಲ್ಲಿದೆ. ಆದರೆ ಬತಾಕರು ಆ ಏಳು ಹೆಸರುಗಳನ್ನೇ ಬೆಳೆಸಿ, ತಿಂಗಳ 30 ದಿನಗಳಿಗೂ ಬೇರೆ ಬೇರೆ ಹೆಸರು ಕಟ್ಟಿಕೊಂಡರು. ಕೊಟ್ಟೆವೆಂಬ ಹೆಮ್ಮೆಯಲ್ಲಿ, ಪಡೆದವರು ಕಟ್ಟಿದ್ದನ್ನು ನೋಡದಿರುವುದು ನಮ್ಮವರ ಹಳೆಯ ರೋಗ. ತಮ್ಮಂಥ ವಿಚಾರವಂತರಿಗೂ ಅದು ಅಂಟಿರುವುದು ನನಗೆ ನೋವು ತಂದಿದೆ. 20ನೇ ಶತಮಾನದ ಆರಂಭದಲ್ಲಿ ಯೊಹಾನೆಸ್ ವಿಂಕ್ಲರ್ ಎಂಬ ಜರ್ಮನ್ ಮಿಷನ್ ವೈದ್ಯರು ದಾತುವೊಬ್ಬರಿಂದ ಈ ವಿದ್ಯೆಯನ್ನು ಕೇಳಿ ತಿಳಿದು ಬರೆದಿಟ್ಟರು. ಅನ್ಯಧರ್ಮದ ಪ್ರಚಾರಕ್ಕೆ ಹೋದ ಸಂಸ್ಥೆಯವರಿಗಿದ್ದ ತಾಳ್ಮೆ ನಮಗೇಕಿಲ್ಲ?

ತಿರಸ್ಕಾರದ ಫಲವನ್ನು ಉಂಡವರು ಅಲ್ಲಿಯ ಜನರೇ. ಹಳೆಯ ನಂಬಿಕೆಯನ್ನು ಉಳಿಸಿಕೊಂಡ ಪರ್ಮಲಿಮ್ ಪಂಥದವರು ಲಾಗುಬೋತಿಯ ಹುತಾತಿಂಗಿಯಲ್ಲಿ ಸಿಪಹಾ ಸಾದಾ, ಸಿಪಹಾ ಲಿಮಾ ಹಬ್ಬಗಳನ್ನು ಇಂದಿಗೂ ಪೊರ್ಹಲಾನ್ ಪಂಚಾಂಗದ ತಿಂಗಳುಗಳ ಹೆಸರಿನಲ್ಲೇ ಆಚರಿಸುತ್ತಾರೆ. ಇಂಥ ಮೂಲ ನಂಬಿಕೆಗಳನ್ನು ಗುರುತಿನ ಚೀಟಿಯಲ್ಲಿ ದಾಖಲಿಸಬೇಕೆಂದು ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟದ್ದು 2017ರಷ್ಟು ತಡವಾಗಿ.