ಸೋತ ಸಿಟ್ಟಲ್ಲಿ ಮುಳ್ಳಯ್ಯನಗಿರಿ ಹತ್ತಬೇಡ ಮಾರಾಯ

ತಮ್ಮಾ, ರಾತ್ರಿ ನೀನು ನಮ್ಮ ಸೈಕಲ್ ಗುಂಪಿನಲ್ಲಿ ಹಾಕಿದ ಮೆಸೇಜು ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿದೆ. ನಿನ್ನ ಮೆಚ್ಚಿನ ರೇಸರ್ ಹುಡುಗ ಕೊನೇ ಏರಿನಲ್ಲಿ ಹಿಂದೆ ಬಿದ್ದ, ರೇಸ್ ನೋಡೋ ಆ್ಯಪ್ ಡಿಲೀಟ್ ಮಾಡಿದೆ, ಇನ್ನು ಈ ಜನ್ಮದಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡಲ್ಲ, ಭಾನುವಾರ ಬೆಳಗಿನ ಜಾವ ಹಾಸನದಿಂದ ಸೈಕಲ್ಲಲ್ಲಿ ಒಬ್ಬನೇ ಹೊರಟು ಮುಳ್ಳಯ್ಯನಗಿರಿ ಹತ್ತಿ ಸಿಟ್ಟು ಇಳಿಸಿಕೊಂಡು ಬರ್ತೀನಿ ಅಂತ ಬರೆದಿದ್ದೀಯ. ಕೆಳಗೆ ಹದಿನೇಳು ಹೆಬ್ಬೆರಳು. ಒಬ್ಬರಿಗಾದರೂ ಬೇಡ ಅನ್ನಬೇಕು ಅನ್ನಿಸಲಿಲ್ಲವಲ್ಲ! ಇದಿಷ್ಟನ್ನೂ ನಾನು 2020ರಲ್ಲೇ ಇದೇ ಕ್ರಮದಲ್ಲಿ ಮಾಡಿ ಮುಗಿಸಿದ್ದೇನೆ. ಮೊಣಕೈ ಮೇಲೆ ಗುರುತಿದೆ, ಬಂದರೆ ತೋರಿಸ್ತೀನಿ.

ಆಗ ನನ್ನದು ಸ್ಲೊವೇನಿಯಾದ ರೇಸರ್ ರೋಗ್ಲಿಚ್‌ನ ಹುಚ್ಚು. ಕೊರೋನಾ ವರ್ಷ, ಟೂರ್ ಸೆಪ್ಟೆಂಬರಿಗೆ ಹೋಗಿತ್ತು. ಒಂಬತ್ತನೇ ಸ್ಟೇಜಿನಲ್ಲಿ (ಒಂದು ದಿನದ ಓಟ ಒಂದು ಸ್ಟೇಜು) ಒಟ್ಟು ಲೆಕ್ಕದಲ್ಲಿ ಮುಂದಿರುವವನ ಹಳದಿ ಜೆರ್ಸಿ ಹಾಕಿದವನು ಇಪ್ಪತ್ತನೆಯದರವರೆಗೂ ಬಿಚ್ಚಿರಲಿಲ್ಲ. ಸೋಲು ಗೆಲುವಿಗೆ ಉಳಿದಿದ್ದು ಒಂದೇ ಟಿಟಿ, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋ ಟೈಮ್ ಟ್ರಯಲ್, ಲಾ ಪ್ಲಾಂಶ್ ದೆ ಬೆಲ್ ಫೀ ಮೇಲಕ್ಕೆ, 36.2 ಕಿಲೋಮೀಟರ್. ಕೈಯಲ್ಲಿ 57 ಸೆಕೆಂಡಿನ ಲೀಡು. ಶನಿವಾರ ರಾತ್ರಿ, ಹೊರಗೆ ಮಳೆ, ಕರೆಂಟು ಹೋಗಿ ಇನ್ವರ್ಟರಿನಲ್ಲಿ ನೋಡ್ತಾ ಇದ್ದೆ. ಮನೆಯವಳು ಪಾಯಸ ಮಾಡಿಟ್ಟಿದ್ದಳು, ನಾನೇ ಹೇಳಿ ಮಾಡಿಸಿದ್ದು. ರೋಗ್ಲಿಚ್‌ನ ಹೆಲ್ಮೆಟ್ಟು ಓರೆಯಾಗಿ ಹಣೆಯ ಮೇಲೆ ಕೂತಿತ್ತಲ್ಲ, ಅದನ್ನು ನೋಡಿದಾಗಲೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ತಂಡದವರಾದ ಡ್ಯುಮೊಲಿನ್ ಮತ್ತು ವಾನ್ ಆರ್ಟ್ ಕೂತಲ್ಲೇ ಬಾಯಿ ಬಿಟ್ಟುಕೊಂಡು ಪರದೆ ನೋಡ್ತಿದ್ದ ದೃಶ್ಯ ನಿನಗೂ ನೆನಪಿರಬಹುದು. ನಾನೂ ಹಾಗೇ ಕೂತಿದ್ದೆ. 57 ಸೆಕೆಂಡ್ ಮುಂದಿದ್ದವನು 59 ಸೆಕೆಂಡ್ ಹಿಂದಾದ. ಅವನನ್ನು ದಾಟಿದ ಪೊಗಾಚರ್‌ಗೆ ಇನ್ನೂ 22 ವರ್ಷ ತುಂಬಲು ಎರಡು ದಿನ ಬಾಕಿ. ಪಾಯಸ ಫ್ರಿಜ್ಜಿಗೆ ಹೋಯಿತು.

ನಿದ್ದೆ ಬರಲಿಲ್ಲ. ಬೆಳಿಗ್ಗೆ ಐದೂವರೆಗೆ ಬರೀ ಕಾಫಿ ಕುಡಿದು ಚಿಕ್ಕಮಗಳೂರಿನಿಂದ ಸೈಕಲ್ಲಲ್ಲಿ ಹೊರಟೆ, ಜೇಬಿನಲ್ಲಿ ಒಂದು ಬಾಳೆಹಣ್ಣೂ ಇಲ್ಲ. ಕೈಮರದವರೆಗೆ ಸಿಟ್ಟೇ ಎಳೆದುಕೊಂಡು ಹೋಯಿತು. ಅಷ್ಟು ಜೋರಾಗಿ ನಾನು ಆ ರಸ್ತೆಯಲ್ಲಿ ಯಾವತ್ತೂ ತುಳಿದಿರಲಿಲ್ಲ, ಅದೇ ತಪ್ಪಾಗಿದ್ದು. ಸೀತಾಳಯ್ಯನಗಿರಿ ಬರೋ ಹೊತ್ತಿಗೆ ಕೈಕಾಲು ನಡುಕ, ಕಣ್ಣೆದುರು ಚುಕ್ಕಿ. ಮಂಜಿನಲ್ಲಿ ಮೋರಿ ಕಟ್ಟೆ ಮೇಲೆ ಕೂತುಬಿಟ್ಟೆ. ಎಸ್ಟೇಟಿನ ಜೀಪು ಒಂದು ನಿಂತಿತು. ಡ್ರೈವರ್ ಇಳಿದು ನನ್ನ ಮುಖ ನೋಡಿ, "ಯಾರು ತೀರಿಕೊಂಡ್ರು ಸಾರ್?" ಅಂದ. ಸ್ಲೊವೇನಿಯಾದವನೊಬ್ಬ ಸ್ಲೊವೇನಿಯಾದ ಇನ್ನೊಬ್ಬನ ಕೈಲಿ ಸೋತ ಅಂತ ಹೇಗೆ ಹೇಳಲಿ? ಅವನ ಡಬ್ಬಿಯಿಂದ ಅರ್ಧ ಅಕ್ಕಿರೊಟ್ಟಿ, ಕೆಂಪು ಚಟ್ನಿ ಕೊಟ್ಟ. ಇವತ್ತಿಗೂ ಅಷ್ಟು ರುಚಿಯಾದ ರೊಟ್ಟಿ ತಿಂದಿಲ್ಲ.

ಅಲ್ಲಿಗೇ ವಾಪಸ್ ತಿರುಗಿದೆ, ಅದೊಂದು ಬುದ್ಧಿ ಇತ್ತು. ಆದರೆ ಬ್ರೇಕ್ ಪ್ಯಾಡ್ ಸವೆದಿದ್ದು ಗೊತ್ತಿದ್ದೂ ಬದಲಾಯಿಸಿರಲಿಲ್ಲ. ಒದ್ದೆ ರಿಮ್ಮು, ಮರಗಟ್ಟಿದ ಬೆರಳು, ರಸ್ತೆ ತುಂಬ ಸಿಲ್ವರ್ ಓಕ್ ಎಲೆ. ಆ ಎಲೆ ನೆನೆದರೆ ಸೋಪಿನ ಹಾಗೆ, ಹಾಸನದ ಕಡೆಯ ಬಯಲು ರಸ್ತೆಯಲ್ಲಿ ಓಡಿಸುವ ನಿಮಗೆ ಅದರ ಅಂದಾಜಿರಲ್ಲ. ತಿರುವಿನಲ್ಲಿ ಸೈಕಲ್ ಒಂದು ಕಡೆ, ನಾನು ಚರಂಡಿಯಲ್ಲಿ. ಮೊಣಕೈ ಚರ್ಮ ಹೋಯಿತು, ಹಿಂದಿನ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸೋ ಭಾಗವನ್ನು ಫ್ರೇಮಿಗೆ ಹಿಡಿದಿಡೋ ಕೊಂಡಿ) ಬಾಗಿತು. ಆ ಸಮಯದಲ್ಲಿ ಪಾರ್ಟು ಎಲ್ಲಿ ಸಿಗಬೇಕು? ಬೆಂಗಳೂರಿನ ಅಂಗಡಿಯವನೊಬ್ಬ ನಾಳೆ ನಾಳೆ ಅಂತ ಮೂರು ವಾರ ಕಳೆದ.

ಈಗ ಕೇಳು, ನಿಜವಾದ ನಷ್ಟ ಮೊಣಕೈಯಲ್ಲ. ನಿನ್ನ ಹಾಗೇ ನಾನೂ ಆ್ಯಪ್ ಕಿತ್ತುಹಾಕಿ, ಇದೇ ಗುಂಪಿನಲ್ಲಿ ಶಪಥ ಮಾಡಿ, ಪೊಗಾಚರ್ ಕಡೆಯ ಗೆಳೆಯನೊಬ್ಬನಿಗೆ ಏನೇನೋ ಅಂದು, ಸೈಕಲ್ಲೂ ಇಲ್ಲದೆ ಮುಖ ಊದಿಸಿಕೊಂಡು ಕೂತಿದ್ದೆ. ಹದಿನೈದು ದಿನಕ್ಕೆ, ಅಕ್ಟೋಬರ್ 4ರ ಭಾನುವಾರ, ಬೆಲ್ಜಿಯಮ್ಮಿನ ಒಂದು ದಿನದ ರೇಸ್ ಲಿಯೇಜ್. ಫ್ರಾನ್ಸಿನ ಅಲಾಫಿಲಿಪ್ ಗೆದ್ದೆ ಅಂತ ಕೈ ಎತ್ತಿದ, ಪಕ್ಕದಿಂದ ರೋಗ್ಲಿಚ್ ಕೊನೇ ಗಳಿಗೆಯಲ್ಲಿ ಚಕ್ರ ತೂರಿಸಿ ಗೆದ್ದ. ಪೊಗಾಚರ್ ಮೂರನೆಯವನು! ನಾನು ಆ ಹೊತ್ತಿಗೆ ಟೆರೇಸಿನಲ್ಲಿ ಒಣಮೆಣಸಿನಕಾಯಿ ಎತ್ತಿಡ್ತಾ ಇದ್ದೆ. ಮಾರನೇ ದಿನ ವಿಷಯ ತಿಳಿಸಿದ್ದು ನಾನು ಬೈದಿದ್ದ ಆ ಗೆಳೆಯನೇ. ಹೈಲೈಟ್ಸ್ ಎಷ್ಟು ಸಲ ನೋಡಿದರೂ ಗೆದ್ದಿದ್ದು ಮೊದಲೇ ಗೊತ್ತಿರುತ್ತೆ, ಉಸಿರು ಬಿಗಿಹಿಡಿಯೋಕೆ ಆಗಲ್ಲ. ನವೆಂಬರಿನಲ್ಲಿ ಸ್ಪೇನಿನ ದೊಡ್ಡ ರೇಸ್ ವುಯೆಲ್ಟಾನೂ ಗೆದ್ದ, ಆಗ ಮಾತ್ರ ಮರ್ಯಾದೆಯಿಂದ ಕೂತು ನೋಡಿದೆ.

ಸೋತ ಸಂಜೆ ರೋಗ್ಲಿಚ್ ತಾನೇ ಹೋಗಿ ಪೊಗಾಚರ್‌ನ ತಬ್ಬಿಕೊಂಡಿದ್ದ ಕಣಪ್ಪ. ಇಲ್ಲಿ ಚಿಕ್ಕಮಗಳೂರಿನಲ್ಲಿ ಕೂತ ನಾನು ಮಾತು ಬಿಟ್ಟಿದ್ದೆ.

ಹಾಗಾಗಿ ನನ್ನದೊಂದು ಉಪಾಯ ಇದೆ, ಗುಂಪಿನಲ್ಲಿ ಕೆಲವರು ನಗ್ತಾರೆ, ನಗಲಿ. ಜಿಸಿಯಲ್ಲಿ, ಅಂದರೆ ಒಟ್ಟು ಸಮಯದ ಪಟ್ಟಿಯ ಮೇಲ್ತುದಿಯಲ್ಲಿ, ಒಬ್ಬನನ್ನು ಹಿಡಿದರೆ ಪಟ್ಟಿಯ ತಳದಿಂದಲೂ ಒಬ್ಬನನ್ನು ಹಿಡಿ. 2021ರಲ್ಲಿ ನಾನು ಹಿಡಿದಿದ್ದು ಟಿಮ್ ಡೆಕ್ಲರ್ಕ್‌ನನ್ನು. ದಿನವಿಡೀ ಗಾಳಿಗೆ ಮುಖ ಕೊಟ್ಟು ಗುಂಪನ್ನು ಎಳೆಯೋ ಆಳು, 'ಟ್ರ್ಯಾಕ್ಟರ್' ಅಂತಲೇ ಅಡ್ಡಹೆಸರು. ಆ ವರ್ಷ ಪ್ಯಾರಿಸ್ ಮುಟ್ಟಿದವರಲ್ಲಿ ಕಟ್ಟಕಡೆಯವನು. ಅದೇ ವರ್ಷ ರೋಗ್ಲಿಚ್ ಬಿದ್ದು ಗಾಯ ಮಾಡಿಕೊಂಡು ಮೊದಲ ವಾರದ ಕೊನೆಗೇ ಮನೆಗೆ ಹೋದ. ನಾನು ಮಾತ್ರ ಮೂರೂ ವಾರ ನೋಡಿದೆ. ಯಾಕೆ ಹೇಳು, ಮುಂದೆ ಯಾರು ಗೆದ್ದರೂ ಹಿಂದೆ ಉಳಿದವರ ಗುಂಪು, ಗ್ರುಪೆಟ್ಟೊ ಅಂತಾರೆ, ಟೈಮ್ ಕಟ್ ಅನ್ನೋ ಸಮಯದ ಗಡುವಿನ ಒಳಗೆ ಬರುತ್ತೋ ಇಲ್ಲವೋ ಅನ್ನೋ ಲೆಕ್ಕ ನನ್ನ ಕೈಲಿತ್ತು. ಬೆಟ್ಟದ ಟಿಗ್ನ್ ಸ್ಟೇಜಿನಲ್ಲಿ ಸ್ಪ್ರಿಂಟರ್ ಕ್ಯಾವೆಂಡಿಶ್ ಟೈಮ್ ಕಟ್ಟಿಗೆ ಎರಡು ನಿಮಿಷವೂ ಇಲ್ಲದಂತೆ ಬಂದು ತಲುಪಿದಾಗ ಲಾ ಪ್ಲಾಂಶ್‌ಗಿಂತ ಜಾಸ್ತಿ ಕೂಗಿದ್ದೇನೆ. ಹಿಂದಿನ ಅಕ್ಟೋಬರಿನಲ್ಲಿ, ಇದೇ ನನ್ನ ಕೊನೇ ರೇಸ್ ಇರಬಹುದು ಅಂತ ಕ್ಯಾಮೆರಾ ಮುಂದೆ ಅತ್ತಿದ್ದವನು ಆ ಟೂರಿನಲ್ಲಿ ನಾಲ್ಕು ಸ್ಟೇಜ್ ಗೆದ್ದ. 2023ರಲ್ಲಿ ಕಾಲರ್‌ಬೋನ್ ಮುರಿದುಕೊಂಡ. 2024ರ ಮೊದಲ ದಿನವೇ ಬಿಸಿಲಿಗೆ ಸೈಕಲ್ ಮೇಲೇ ವಾಂತಿ ಮಾಡಿಕೊಂಡ. ಅದೇ ವಾರ ಟೂರಿನ ತನ್ನ 35ನೇ ಸ್ಟೇಜ್ ಗೆದ್ದು ಮರ್ಕ್ಸ್‌ನ ದಾಖಲೆ ದಾಟಿದ. ಆ್ಯಪ್ ಕಿತ್ತಿದ್ದರೆ ಇದೆಲ್ಲ ಎಲ್ಲಿರ್ತಿತ್ತು?

ಆದರೆ ಈ ಉಪಾಯ ಒಂದು ದಿನದ ಕ್ಲಾಸಿಕ್ಸ್‌ಗೆ ನಡೆಯಲ್ಲ, ಅಲ್ಲಿ ಹಿಂದೆ ಬಿದ್ದವರು ಬಸ್ಸು ಹತ್ತಿಬಿಡ್ತಾರೆ. ನೀನು ಮೇಲೆ ಹಿಡಿದವನ ತಂಡದಲ್ಲೇ ಇರುವವನನ್ನು ತಳದಿಂದ ಆರಿಸಿದರೂ ಪ್ರಯೋಜನ ಇಲ್ಲ, ಎರಡು ಸಂಕಟ ಒಟ್ಟಿಗೇ ಬರುತ್ತೆ.

ಇನ್ನೊಂದು, ಜೆರ್ಸಿ ಕೊಂಡಿಲ್ಲ ತಾನೇ? ಕೊಳ್ಳಬೇಡ. 2023ರಲ್ಲಿ ಮಾಂಟೆ ಲುಸ್ಸಾರಿ ಮೇಲೆ ಚೈನ್ ಕಳಚಿದರೂ ರೋಗ್ಲಿಚ್ ಗೆರೈಂಟ್ ಥಾಮಸ್‌ಗಿಂತ 14 ಸೆಕೆಂಡ್ ಮುಂದಾಗಿ ಇಟಲಿಯ ಜಿರೋ ರೇಸ್ ಗೆದ್ದ ಖುಷಿಗೆ ಅವನ ಆಗಿನ ತಂಡ ಯುಂಬೊ-ವಿಸ್ಮಾದ ಹಳದಿ ಜೆರ್ಸಿ ತರಿಸಿದೆ. ಯುಂಬೊ ಅಂದರೆ ಹಾಲೆಂಡಿನ ದಿನಸಿ ಅಂಗಡಿಯ ಹೆಸರು ಕಣಪ್ಪ, ಬೆನ್ನ ಮೇಲೆ ಹೊತ್ಕೊಂಡು ಐ.ಜಿ. ರಸ್ತೆಯಲ್ಲಿ ತಿರುಗಿದೆ. ಮುಂದಿನ ವರ್ಷ ಅವನು ಬೋರಾ ತಂಡಕ್ಕೆ ಹೋದ. ಈಗ ಅದನ್ನು ಚೈನ್ ಒರೆಸೋಕೆ ಇಟ್ಟಿದ್ದೇನೆ, ಆ ಕೆಲಸಕ್ಕೆ ಬಟ್ಟೆ ಚೆನ್ನಾಗಿದೆ.

ನಿದ್ದೆ ವಿಷಯ. ಯೂರೋಪಿನ ಸ್ಟೇಜ್ ನಮಗೆ ರಾತ್ರಿ ಒಂಬತ್ತರ ಆಸುಪಾಸಿಗೆ ಮುಗಿಯುತ್ತೆ, ನೀನು ಎರಡು ಗಂಟೆವರೆಗೆ ಎದ್ದಿದ್ದು ರೇಸಿಗಲ್ಲ, ಕಾಮೆಂಟಿನಲ್ಲಿ ಜಗಳಕ್ಕೆ. ಕೊನೇ ಏರಿಗೆ ಮುಂಚೆ ಊಟ ಮುಗಿಸು, ಸೋತಮೇಲೆ ತಟ್ಟೆ ಮುಂದೆ ಕೂರೋಕಾಗಲ್ಲ. ಸಿಡಿಲಿದ್ದರೆ ರೂಟರ್ ತೆಗೆದಿಡು, ಮೊಬೈಲ್ ನೆಟ್ಟಲ್ಲಿ ನೋಡು.

ಇಳಿಜಾರು ತೋರಿಸುವಾಗ ನಾನು ಸೌಂಡ್ ತೆಗೆದುಬಿಡ್ತೀನಿ. 2023ರ ಜೂನಿನಲ್ಲಿ ಟೂರ್ ದ ಸ್ವಿಸ್ ರೇಸಿನಲ್ಲಿ ಜೀನೊ ಮೇಡರ್ ಇಳಿಯುವಾಗ ಬಿದ್ದು ತೀರಿಕೊಂಡ, 26 ವರ್ಷ. ಅದಾದಮೇಲೆ ಸೆಕೆಂಡಿನ ಲೆಕ್ಕಕ್ಕೆ ಅಷ್ಟು ಸಂಕಟಪಡಲು ನನಗೆ ನಾಚಿಕೆ ಆಗುತ್ತೆ, ಪಡ್ತೀನಿ ಬಿಡು.

ಭಾನುವಾರ ಹತ್ತಲೇಬೇಕು ಅಂದರೆ ಒಬ್ಬನೇ ಬೇಡ. ಬೇಲೂರುವರೆಗೆ ನಿಧಾನ ಬಾ, ಅಲ್ಲಿ ಇಡ್ಲಿ ತಿನ್ನು, ಹೊಟ್ಟೆ ಹಸಿಯೋಕೆ ಬಿಡಬೇಡ. ನಮ್ಮ ಮಳೆಗೆ 25 ಎಂಎಂ ಟೈರ್ ಹಾಕಿಕೊಂಡು ಬಂದರೆ ಕೈಮರದಲ್ಲೇ ವಾಪಸ್ ಕಳಿಸ್ತೀನಿ. ಕನಿಷ್ಠ 28, ಫ್ರೇಮಿಗೆ ಹಿಡಿದರೆ 32. ಕಾಂಟಿನೆಂಟಲ್ ಜಿಪಿ 5000 ಟೈರ್ ನಿನ್ನ ಜೇಬಿಗೆ ಬಿಟ್ಟಿದ್ದು, ಎಸ್ಟೇಟ್ ರಸ್ತೆಯ ಕಲ್ಲಿಗೆ ಶ್ವಾಲ್ಬೆ ಮ್ಯಾರಥಾನೇ ಸರಿ, ಭಾರ ಅಂತ ಅಳುವವರು ಅಳಲಿ. ರಿಮ್ ಬ್ರೇಕಾದರೆ ಪ್ಯಾಡ್ ಹೊಸದು ಹಾಕಿ ಫೋಟೋ ಇಲ್ಲಿ ಹಾಕು, ನೋಡಿ ಹೇಳ್ತೀನಿ. ಮಳೆ ಜಾಕೆಟ್ ಹತ್ತುವಾಗಲ್ಲ, ಇಳಿಯುವಾಗ ಹಾಕ್ಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ಪ್ರವಾಸಿಗರ ಗಾಡಿ ಸಾಲು ಶುರು, ಅಷ್ಟರೊಳಗೆ ಕೆಳಗಿರಬೇಕು.

ಆಮೇಲೆ ನಿನ್ನ ಫ್ರೇಮ್ ಯಾವುದು, ಯಾವ ವರ್ಷದ್ದು ತಿಳಿಸು. ಆ ಮೂರು ವಾರದ ಸಿಟ್ಟಿಗೆ ನಾನು ಐದಾರು ನಮೂನೆ ಹ್ಯಾಂಗರ್ ತರಿಸಿ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೇನೆ, ನಿನ್ನದಕ್ಕೆ ಕೂರೋದು ಒಂದಿರಬಹುದು. ಭಾನುವಾರ ಬರುವಾಗ ತರ್ತೀನಿ. ಆ್ಯಪ್ ಮಾತ್ರ ಇವತ್ತೇ ಹಾಕ್ಕೋ, ಸಂಜೆ ಸ್ಟೇಜ್ ಇದೆ.