ಪ್ರತಿಕ್ರಿಯೆ: ಬದಿಯಡ್ಕದ ಮಣ್ಣಿನ ಬ್ಯಾಕ್ಟೀರಿಯಾ ಜರ್ಮನಿಗೆ ಕಳಿಸುವುದು

ಅಡಿಕೆ ತೋಟದ ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಜರ್ಮನಿಯ ಸಿಂಥೆಟಿಕ್ ಬಯಾಲಜಿ (ಜೀನ್‌ಗಳನ್ನು ಹೊಸದಾಗಿ ಕಟ್ಟಿ ಜೀವಿಗಳಿಗೆ ಸೇರಿಸುವ ವಿಜ್ಞಾನ) ಲ್ಯಾಬಿಗೆ ಕಳಿಸಲು ಹೋದರೆ ಕೊರಿಯರ್‌ನವರು ವಾಪಸ್ ಕೊಟ್ಟರು ಅಂದಿರಿ. ಪ್ಯಾಕಿಂಗ್ ಕಾರಣ ಅಲ್ಲ ಅನ್ಸುತ್ತೆ, ಅನುಮತಿ ಪತ್ರ ಇಲ್ಲದ್ದೇ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ವಿದೇಶಿಯರು ಇಲ್ಲಿನ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಪಡೆಯಲು ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಟ್ಯೂಬಿನಲ್ಲಿರುವ ಬ್ಯಾಕ್ಟೀರಿಯಾವೂ ಸಂಪನ್ಮೂಲವೇ.

ಮೊದಲು ಗೈಡ್ ಹತ್ತಿರ ಕೇಳಿ: ಇದು ಎರಡು ಸಂಸ್ಥೆಗಳ ಯೋಜನೆಯಾ, ಸುಮ್ನೆ ಇಬ್ಬರ ಇಮೇಲ್ ಮಾತಾ? ಕೇಂದ್ರ ಸರ್ಕಾರ ಒಪ್ಪಿದ ಸಹಯೋಗವಾದರೆ 5ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಇಲ್ಲವಾದರೆ ಅರ್ಜಿ ಹಾಕಬೇಕಾದವರು ಜರ್ಮನಿಯವರು, ನೀವಲ್ಲ. ಆಮೇಲೆ ಮೆಟೀರಿಯಲ್ ಟ್ರಾನ್ಸ್‌ಫರ್ ಒಪ್ಪಂದ, ಅಂದರೆ ಸ್ಯಾಂಪಲ್ ಅನ್ನು ಯಾವ ಷರತ್ತಿಗೆ ಕೊಡುತ್ತೇವೆ ಅಂತ ಎರಡು ಸಂಸ್ಥೆಗಳು ಬರೆದುಕೊಳ್ಳುವ ಪತ್ರ. ಅದಕ್ಕೆ ವಿದ್ಯಾರ್ಥಿ ಸಹಿ ಸಾಲದು, ಕಾಲೇಜಿನ ಅಧಿಕಾರ ಇರುವವರೇ ಹಾಕಬೇಕು. ಇದರಲ್ಲೇ ಜಾಸ್ತಿ ದಿನ ಹೋಗುತ್ತದೆ, ಈಗಲೇ ಶುರು ಮಾಡಿ.

ಅಷ್ಟರಲ್ಲಿ ಕಲ್ಚರ್ (ಬೆಳೆಸಿಟ್ಟ ಬ್ಯಾಕ್ಟೀರಿಯಾ) ಸಾಯಬಾರದು ಅಲ್ವಾ? ಗ್ಲಿಸರಾಲ್ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿಡಿ. ಸೂಕ್ಷ್ಮಜೀವಿಗಳನ್ನು ಕಾಪಿಡುವ ಚಂಡೀಗಢದ ಎಂಟಿಸಿಸಿ ಸಂಗ್ರಹದಲ್ಲೂ ಒಂದು ಪ್ರತಿ ಇಡಬಹುದು.

ಬ್ಯಾಕ್ಟೀರಿಯಾ ಬಿಟ್ಟು ಬರೀ ಡಿಎನ್‌ಎ ಸೀಕ್ವೆನ್ಸ್ (ಡಿಎನ್‌ಎಯ ಅಕ್ಷರಗಳ ಸಾಲು) ಕಳಿಸಿದರೂ ಅವರು ಅಲ್ಲಿ ಜೀನ್ ಕಟ್ಟಬಲ್ಲರು. ಹಾಗಂತ ಅದು ಪುಕ್ಕಟೆ ದಾರಿ ಅಂದುಕೊಳ್ಳಬೇಡಿ. ಸೀಕ್ವೆನ್ಸ್ ಬಳಸಿ ಬಂದ ಲಾಭವನ್ನು ಹಂಚಲೆಂದೇ 2024ರಲ್ಲಿ ಕೊಲಂಬಿಯಾದ ಕಾಲಿ (Cali) ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಜೀವವೈವಿಧ್ಯ ಸಭೆ ‘ಕಾಲಿ ನಿಧಿ’ಗೆ ಒಪ್ಪಿದೆ. ಜರ್ಮನಿಯವರ ಅರ್ಜಿಯಲ್ಲೇ ಸೀಕ್ವೆನ್ಸ್ ವಿಷಯವನ್ನೂ ಬರೆಸಿ ಪ್ರಾಧಿಕಾರವನ್ನು ಕೇಳಿ. ಉತ್ತರ ಬರುವವರೆಗೆ ಸೀಕ್ವೆನ್ಸ್ ಇಮೇಲ್ ಮಾಡಬೇಡಿ.