ಜಾತಿ ಪೂರ್ವಗ್ರಹ ಕಳೆಯುವ ಸಭೆ ಕರೆದರೆ ಊರಿನವರು ಬರುವುದಿಲ್ಲ, ಏನು ಮಾಡಬೇಕು?

ಸಭೆಗೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. ‘ಭೇದ ಬಿಡಿ’ ಎಂದು ಕರಪತ್ರ ಕೊಟ್ಟರೆ, ತನ್ನನ್ನೇ ತಪ್ಪಿತಸ್ಥ ಅಂದರು ಎಂದು ಓದುವವನಿಗೆ ಅನ್ನಿಸುತ್ತದೆ. ಒತ್ತಾಯ ಹೆಚ್ಚಿದಷ್ಟೂ ಹಟ ಬೆಳೆಯುತ್ತದೆ. 2011ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ‘ಹೀಗೇ ಇರಬೇಕು’ ಎಂಬ ಧಾಟಿಯ ಬರಹ ಪೂರ್ವಗ್ರಹವನ್ನು ಹೆಚ್ಚಿಸಿತ್ತು; ಆಯ್ಕೆಯನ್ನು ಓದುಗರಿಗೇ ಬಿಟ್ಟ ಬರಹ ತಗ್ಗಿಸಿತ್ತು.

ಮಂಡ್ಯದ ಕಡೆಯಾದರೆ, ನಾಲೆಗೆ ನೀರು ಬಿಡುವ ಮುಂಚೆ ಹೊಲಗಾಲುವೆಯ ಹೂಳೆತ್ತುವ ಕೆಲಸ ಇದಕ್ಕೆ ಚೆನ್ನಾಗಿ ಒದಗುತ್ತದೆ. ನೀರು ಎಲ್ಲ ಕೇರಿಯವರ ಗದ್ದೆಗೂ ಬೇಕಲ್ಲ! ನಾಲ್ಕು ಜನರ ತಂಡ ಮಾಡಿ, ಪ್ರತಿ ತಂಡದಲ್ಲೂ ಎರಡು ಕೇರಿಯವರಿರಲಿ. ಕೆಡುವುದು ಇಲ್ಲಿಯೇ: ಒಬ್ಬರು ಸನಿಕೆ ಹಿಡಿದು, ಇನ್ನೊಬ್ಬರು ದಡದ ಮೇಲೆ ನಿಂತು ಮೇಸ್ತ್ರಿಕೆ ಮಾಡಿದರೆ ಹಳೆಯ ಮೇಲು-ಕೀಳೇ ಗಟ್ಟಿಯಾಗುತ್ತದೆ. ಸನಿಕೆ ಗಂಟೆಗೊಮ್ಮೆ ಕೈ ಬದಲಾಗಲಿ, ಮಧ್ಯಾಹ್ನದ ಮುದ್ದೆ ಊಟ ಒಂದೇ ಪಂಕ್ತಿಯಲ್ಲಿ ನಡೆಯಲಿ.